ಏಳು ಗೆರೆಗಳ ಕೋಣೆ

ಸೆಪ್ಟೆಂಬರ್ 2, ಶನಿವಾರ

ಹತ್ತಕ್ಕೆ ಮ್ಯೂಸಿಯಂ ಮನೆಯ ಬೀಗ ತೆಗೆದೆ. ಹನ್ನೊಂದು ಕಿಟಕಿ, ಎಲ್ಲ ನನ್ನ ಪಾಲಿಗೇ. ಗುಡಿಸುವ ಸರದಿ ಡ್ರೈವರಣ್ಣನದು. ಬರಲಿಲ್ಲ. ಮೊಣಕಾಲು ನೋವಂತೆ. ಕಳೆದ ವಾರ ಸೊಂಟ. ಮುಂದಿನ ವಾರ ಯಾವ ಅಂಗವೋ, ನೋಡಬೇಕು. ಸಂಬಳವಿಲ್ಲದ ಕೆಲಸದಲ್ಲಿ ಯಾರನ್ನು ಬೈಯುವುದು? ನಾವು ಒಂಬತ್ತು ಜನ, ಎಲ್ಲರೂ ಸ್ವಂತ ಖುಷಿಗೆ ಬರುವವರು. ಖುಷಿ ಇಲ್ಲದ ದಿನ ಮೊಣಕಾಲು ನೋಯುತ್ತದೆ.

ಬಂದವರು ಹದಿನಾಲ್ಕು. ಎರಡು ಸುತ್ತಿನಲ್ಲಿ ಮನೆ ತೋರಿಸಿದೆ. ಜಡ್ಜ್ ಸಾಹೇಬರ ಮೇಜು, ಅವರ ಊರುಗೋಲು, ಆಳೆತ್ತರದ ಗಡಿಯಾರ... ಯಾರೂ ನಿಲ್ಲುವುದಿಲ್ಲ. "ಪುಟ್ಟಿ ಕೋಣೆ ಎಲ್ಲಿದೆ?" ಎಲ್ಲರದೂ ಇದೇ ಪ್ರಶ್ನೆ.

ಮೊದಲ ಶನಿವಾರವಲ್ಲವೇ, ಟೈಲರಮ್ಮ ಬಂದಿದ್ದರು. ನಾಲ್ಕು ವರ್ಷದಿಂದ ತಪ್ಪಿಸಿಲ್ಲ. ಪುಟ್ಟಿ ಕೋಣೆಯ ಗೋಡೆಗೆ ಒರಗಿ ಹತ್ತು ನಿಮಿಷ ಕೂರುತ್ತಾರೆ. ಅವರ ಮಗಳು ತೀರಿಕೊಂಡಾಗ ಅದಕ್ಕೂ ಒಂಬತ್ತೇ ವರ್ಷ. ಏಳುವಾಗ "ಬರ್ತೀನಿ" ಅನ್ನುತ್ತಾರೆ. ನನಗಲ್ಲ.

ಅವರು ಹೋದ ಮೇಲೆ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಯಾರಿಗೂ ಹೇಳಿಲ್ಲ, ಇಲ್ಲಾದರೂ ಬರೆಯುತ್ತೇನೆ. ಪುಟ್ಟಿ ಎನ್ನುವ ಮಗು ಇರಲೇ ಇಲ್ಲ. ನಾನು ಹುಟ್ಟಿಸಿದ್ದು. ನಾನೇ ಸಾಯಿಸಿದ್ದು.

ಆರು ವರ್ಷದ ಹಿಂದೆ. ಬೇರೆ ಯಾರೂ ಬಾರದ ಒಂದು ಮಧ್ಯಾಹ್ನ. ಶಾಲೆ ಮಕ್ಕಳ ಒಂದು ಗುಂಪು, ಆಕಳಿಸುತ್ತಿದ್ದವು. ಅಡುಗೆಮನೆ ಪಕ್ಕದ ಸಣ್ಣ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಏಳು ಗೆರೆ ಇವೆ, ಮಕ್ಕಳ ಎತ್ತರ ಅಳೆದ ಹಾಗೆ. ಒಂದು ಹುಡುಗಿ ಕೇಳಿದಳು, "ಇದು ಯಾರದ್ದು?" ಗೊತ್ತಿಲ್ಲ ಎನ್ನಬೇಕಿತ್ತು. ಮನೆಯ ಕಾಗದಪತ್ರವೆಲ್ಲ ಗೆದ್ದಲಿಗೆ ಹೋಗಿವೆ, ಯಾರಿಗೂ ಗೊತ್ತಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಜಡ್ಜ್ ಸಾಹೇಬರ ಕಿರೀಮಗಳದ್ದು. ಒಂಬತ್ತಕ್ಕೇ ಹೋಗಿಬಿಟ್ಟಳು, ಜ್ವರ ಬಂದು. ಅದಕ್ಕೇ ಏಳನೆಯದರ ಮೇಲೆ ಗೆರೆ ಇಲ್ಲ." ಆಕಳಿಕೆ ನಿಂತಿತು. ಆ ನಿಶ್ಶಬ್ದ ನನಗೆ ಇಷ್ಟವಾಯಿತು. ಮುಂದಿನ ಗುಂಪಿಗೂ ಅದನ್ನೇ ಹೇಳಿದೆ.

ಸೆಪ್ಟೆಂಬರ್ 9, ಶನಿವಾರ

ಸಮಿತಿ ಸಭೆ. ವರ್ಷದ ದೊಡ್ಡ ಕಾರ್ಯಕ್ರಮ ನವೆಂಬರ್ 18ಕ್ಕೆ. ಈ ಸಲ "ಮಾತಾಡುವ ಮನೆ": ನಾವೇ ಜಡ್ಜ್ ಸಾಹೇಬರು, ಅವರ ಹೆಂಡತಿ, ಗುಮಾಸ್ತ, ಮಾಲಿ ಎಲ್ಲ ಆಗಿ ವೇಷ ಹಾಕಿಕೊಂಡು ಅಂಗಳದಲ್ಲಿ ಮಾತಾಡುವುದು. ಅಧ್ಯಕ್ಷರು ರಿಟೈರ್ಡ್ ಹೆಡ್‌ಮಾಸ್ಟರ್. ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ಜಡ್ಜ್ ಅವರೇ ಎಂದು ಬೇರೆ ಹೇಳಬೇಕಾಗಿಲ್ಲ. ಮೀಸೆಗೆ ಆಗಲೇ ಎಣ್ಣೆ ಬಿದ್ದಿದೆ.

ಡ್ರೈವರಣ್ಣ ಸುರಂಗದ ಮಾತು ಮತ್ತೆ ತೆಗೆದ. ಬಾವಿಯ ಕೆಳಗೆ ಸುರಂಗ ಇತ್ತು ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಒಂದು ಕಾಲದಲ್ಲಿ. ಅದನ್ನು ನಿಲ್ಲಿಸಲೆಂದೇ ನಾಲ್ಕನೇ ನಿಯಮ ಬಂದದ್ದು: ಎರಡು ಲಿಖಿತ ದಾಖಲೆ ಇಲ್ಲದೆ ಮನೆಯ ಕಥೆಯಲ್ಲಿ ಒಂದಕ್ಷರವೂ ಸೇರಬಾರದು, ಬದಲಾಗಬಾರದು. ಬರೆದವಳು ನಾನು. ಮೂವತ್ತು ವರ್ಷ ಲೈಬ್ರರಿಯಲ್ಲಿ ಕೂತವಳಲ್ಲವೇ, ನಿಯಮ ಎಂದರೆ ಪ್ರಾಣ. ಆ ಹೊತ್ತಿಗೆ ಪುಟ್ಟಿ ಪೇಪರಿನಲ್ಲಿ ಬಂದಾಗಿತ್ತು.

"ಮೇಡಂ ಕಟ್ಟುನಿಟ್ಟು ಅಂದ್ರೆ ಕಟ್ಟುನಿಟ್ಟು," ಎಂದರು ಮೇಷ್ಟ್ರು. ಎಲ್ಲರೂ ತಲೆದೂಗಿದರು. ನಾನು ಕಿಟಕಿ ಆಚೆ ನೋಡಿದೆ.

ಸೆಪ್ಟೆಂಬರ್ 16, ಶನಿವಾರ

ಕ್ರಮವಾಗಿ ಬರೆಯಬೇಕು.

ಹನ್ನೊಂದೂವರೆಯ ಸುತ್ತು. ಎಂಟು ಜನ. ಪುಟ್ಟಿ ಕೋಣೆಗೆ ಬಂದೆವು. ಎಂದಿನ ಹಾಗೆ ಬೆರಳಿನಿಂದ ಒಂದೊಂದೇ ಗೆರೆ ಮುಟ್ಟುತ್ತಾ ಹೋದೆ. ಏಳನೆಯದಕ್ಕೆ ಬಂದು, "ಜ್ವರ ಬಂದದ್ದು ಮೂರೇ ದಿನ..." ಎಂದು ನಿಲ್ಲಿಸಿದೆ. ಅಲ್ಲಿ ನಿಲ್ಲಿಸುವುದು ಅಭ್ಯಾಸ.

ಹಿಂದಿನಿಂದ ಒಂದು ದನಿ: "ಯಾರಿಗೆ ಜ್ವರ?"

ಕೈಚೀಲ ಎದೆಗೆ ಅವಚಿಕೊಂಡ ಅಜ್ಜಿ. ಎಪ್ಪತ್ತೈದು ದಾಟಿರಬೇಕು. ಕುಳ್ಳಿ. ಪುಟ್ಟಿಗೆ, ಎಂದೆ.

"ನಂಗ್ಯಾವತ್ತು ಜ್ವರ ಬಂದಿತ್ತಮ್ಮ? ಆ ಗೆರೆ ನಂದು."

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಬಂದು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತರು, ಚಪ್ಪಲಿ ಬಿಟ್ಟು, ಹಿಮ್ಮಡಿ ಮರಕ್ಕೆ ತಾಗಿಸಿ, ಗದ್ದ ಮೇಲೆತ್ತಿ. ಎಷ್ಟೋ ಸಲ ಹಾಗೆ ನಿಂತವರ ಹಾಗೆ. ಏಳನೇ ಗೆರೆ ಭುಜದ ಹತ್ತಿರ ಬಂತು. ಆಮೇಲೆ ಯಾರೂ ನಗಲಿಲ್ಲ.

ಉಳಿದವರನ್ನು ಕಳಿಸಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತೆವು. ಅಜ್ಜಿಯ ಅಪ್ಪ ಈ ಮನೆಯ ಅಡುಗೆಯವರು. ಜಡ್ಜ್ ಸಾಹೇಬರ ಕೊನೆಗಾಲದಲ್ಲಿ. ಅಮ್ಮ ಇರಲಿಲ್ಲ. ಅಪ್ಪ, ಮಗಳು, ಆ ಸಣ್ಣ ಕೋಣೆ.

"ನನ್ನ ತಲೆ ಮೇಲೆ ಸೌಟು ಅಡ್ಡ ಇಟ್ಟು, ತರಕಾರಿ ಹೆಚ್ಚೋ ಚಾಕುವಿನಲ್ಲಿ ಗೆರೆ ಕೊರೀತಿದ್ದ ಅಪ್ಪ. ಹೊರಗಡೆ ಹಾಕಿದ್ರೆ ಯಜಮಾನರ ಕಣ್ಣಿಗೆ ಬೀಳ್ತದೆ, ಬೈತಾರೆ ಅಂತ ಒಳಗಡೆ. ಮೂರು ತುಂಬಿದಾಗಿಂದ ಶುರು. ಒಂಬತ್ತಕ್ಕೆ ಜಡ್ಜ್ ಸಾಹೇಬರು ಹೋದ್ರು. ಅವರ ಮಕ್ಕಳು ಮನೆಗೆ ಬೀಗ ಹಾಕಿದ್ರು. ಒಂದು ದಿನ ಟೈಮ್ ಕೊಟ್ರು ನಮಗೆ, ಒಂದೇ ದಿನ."

ಚಾಕು. ಆರು ವರ್ಷದಿಂದ ಆ ಗೆರೆಗಳ ಮೇಲೆ ಬೆರಳಾಡಿಸಿದ್ದೇನೆ. ಪೆನ್ಸಿಲ್ ಅಲ್ಲ, ಕೊರೆದದ್ದು ಎಂದು ಬೆರಳಿಗೆ ಗೊತ್ತಿತ್ತು. ಜಡ್ಜ್ ಮಗಳ ಎತ್ತರವನ್ನು ಅಡುಗೆಮನೆ ಪಕ್ಕ, ಬಾಗಿಲ ಒಳಗಡೆ, ಚಾಕುವಿನಲ್ಲಿ ಯಾರು ಕೊರೆಯುತ್ತಾರೆ? ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ನಾಚಿಕೆಯಾಗುತ್ತದೆ.

"ಅಪ್ಪಂದು ಒಂದು ಫೋಟೋ ಇಲ್ಲ ನನ್ನ ಹತ್ರ," ಎಂದರು. "ಅವನ ಕೈಯಿಂದ ಆಗಿದ್ದು ಅಂತ ಈ ಭೂಮಿ ಮೇಲೆ ಇರೋದು ಇದೊಂದೇ. ಇಲ್ಲಿ ಒಂದು ಕಾಗದ ಅಂಟಿಸಿ ಸಾಕು. ಇದು ಅಡುಗೆಯವನ ಕೋಣೆ, ಗೆರೆ ಹಾಕಿದ್ದು ಅವನು ಅಂತ. ಮನೆಯಲ್ಲಿ ಹಾಕ್ಕೊಳ್ಳೋಕೆ ನಂಗೂ ಅಂಥದ್ದೇ ಒಂದು ಕೊಡಿ."

ಆಯಿತು ಎಂದೆ.

ಹೊರಡುವಾಗ ಕೇಳಿದರು. "ನಾನು ಸತ್ತೆ ಅಂತ ಯಾರಮ್ಮ ಹೇಳಿದ್ದು ನಿಮಗೆ?"

"ಹಾಗಂತ... ಒಂದು ಮಾತು ಓಡಾಡ್ತಿತ್ತು," ಎಂದೆ. ಓಡಾಡಿದ್ದು ಯಾರ ಕಾಲಿನಿಂದ ಎಂದು ಹೇಳಲಿಲ್ಲ.

ಸೆಪ್ಟೆಂಬರ್ 17, ಭಾನುವಾರ

ನಮ್ಮನೆಯವರಿಗೆ ಎಲ್ಲ ಹೇಳಿದೆ. ಪದಬಂಧದಿಂದ ತಲೆ ಎತ್ತಲಿಲ್ಲ.

"ಹೇಳ್ಬಿಡು. ತಲೆ ಏನು ಹೋಗುತ್ತಾ?"

"ಟೈಲರಮ್ಮ?"

ಆಗ ತಲೆ ಎತ್ತಿದರು. ಮತ್ತೆ ಪದಬಂಧಕ್ಕೆ ಹೋದರು.

ಸೆಪ್ಟೆಂಬರ್ 30, ಶನಿವಾರ

ಸಭೆಯಲ್ಲಿ ಅಜ್ಜಿಯ ವಿಷಯ ಇಟ್ಟೆ. ಎರಡು ಸಲ ನೀರು ಕುಡಿದೆ.

ಮೇಷ್ಟ್ರು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ಒರೆಸಿಕೊಂಡರು.

"ಮೇಡಂ, ನಾಲ್ಕನೇ ನಿಯಮ ಬರೆದಿದ್ದು ಯಾರು?"

"ನಾನೇ."

"ಎರಡು ಲಿಖಿತ ದಾಖಲೆ. ಅಜ್ಜಿ ಹತ್ರ ಏನಿದೆ?"

"ಅಜ್ಜಿ ಇದ್ದಾರಲ್ಲ."

"ಅಜ್ಜಿ ದಾಖಲೆ ಅಲ್ಲವಲ್ಲ."

ಪುಟ್ಟಿಯ ಫೈಲು ತೆಗೆದು ಮೇಜಿನ ಮೇಲೆ ಹರಡಿದರು. ಪೇಪರಿನ ಲೇಖನ. ನಮ್ಮದೇ ಸ್ಮರಣ ಸಂಚಿಕೆ. ಪ್ರವಾಸಿ ಕೈಪಿಡಿ, ಪುಟ ಮೂವತ್ತೆರಡು. ಮೂರು ಲಿಖಿತ ದಾಖಲೆ! ಮೂರೂ ನನ್ನ ಬಾಯಿಂದಲೇ ಹೋದವು. ಲೇಖನ ಬರೆದವನು ನನ್ನ ಎದುರಿಗೆ ಕೂತು ಬರೆದುಕೊಂಡ. ಸಂಚಿಕೆಗೆ ಬರೆದವಳು ನಾನು. ಕೈಪಿಡಿಯವರು ಸಂಚಿಕೆ ನೋಡಿ ಬರೆದರು.

ಇನ್ನು ತಡೆಯಲು ಆಗಲಿಲ್ಲ. "ಮೇಷ್ಟ್ರೇ, ಪುಟ್ಟಿ ಕಥೆ ಸುಳ್ಳು. ನಾನು ಕಟ್ಟಿದ್ದು," ಎಂದೆ. ಆರು ವರ್ಷದ ಮಾತು, ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು.

ಡ್ರೈವರಣ್ಣ ಬಾಯಿ ತೆರೆದವನು ಹಾಗೇ ಇದ್ದ. ಆಮೇಲೆ ಮೇಷ್ಟ್ರು ನಕ್ಕರು, ಪ್ರೀತಿಯಿಂದ.

"ಯಾರೋ ಒಬ್ಬ ಅಜ್ಜಿಗೋಸ್ಕರ ತಪ್ಪು ನಿಮ್ಮ ತಲೆ ಮೇಲೆ ಎಳ್ಕೊಳ್ತಿದ್ದೀರಲ್ಲ ಮೇಡಂ. ಇಂಥ ಮನಸ್ಸು ಎಲ್ರಿಗೂ ಬರಲ್ಲ."

"ಇಲ್ಲ ಮೇಷ್ಟ್ರೇ, ನಿಜವಾಗಿ..."

"ಸರಿ. ನೀವೇ ಕಟ್ಟಿದ್ರಿ ಅನ್ನೋದಕ್ಕೆ ದಾಖಲೆ ಇದೆಯಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ಅದೇ ಅನ್ಯಾಯ. ನಡಾವಳಿ ಪುಸ್ತಕದಲ್ಲಿ ಬರೆದರು: "ಮೇಡಂ ಅವರ ಸಹಾನುಭೂತಿಯನ್ನು ಸಭೆ ಮೆಚ್ಚಿಕೊಂಡಿತು."

ಈ ಡೈರಿ ತೋರಿಸಬಹುದಿತ್ತು. ಅದೂ ನನ್ನ ಕೈಬರಹವೇ, ಅದೂ ಈ ತಿಂಗಳಿನದೇ. ಮೇಲಾಗಿ ಮೀಸೆ ಎಣ್ಣೆಯ ವಿಷಯ ಬೇರೆ ಇದೆ.

ಅಕ್ಟೋಬರ್ 7, ಶನಿವಾರ

ಮೊದಲ ಶನಿವಾರ. ಟೈಲರಮ್ಮ.

ಹೇಳಲೇಬೇಕು ಎಂದು ಬಾಗಿಲ ತನಕ ಹೋದೆ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಬೆರಳಿಗೆ ಸೂಜಿ ಚುಚ್ಚದ ಹಾಗೆ ಹಾಕುವ ಟೋಪಿ ಹಾಗೇ ಇತ್ತು, ತೆಗೆಯಲು ಮರೆತು ಬಂದಿದ್ದಾರೆ. ಕಣ್ಣು ಬಿಟ್ಟು, "ಬನ್ನಿ ಅಕ್ಕ, ಕೂತ್ಕೊಳ್ಳಿ," ಎಂದರು.

ಕೂತೆ.

"ಇಲ್ಲಿ ಬಂದ್ರೆ ನಮ್ಮವಳಿಗೆ ಒಂದು ಜೊತೆ ಇದೆ ಅನ್ಸತ್ತೆ," ಎಂದರು.

ಎದ್ದು ಬಂದೆ.

ಅಕ್ಟೋಬರ್ 16, ಸೋಮವಾರ

ಅಜ್ಜಿಯ ಫೋನು. ಪ್ರತಿ ಸೋಮವಾರ ಹನ್ನೊಂದಕ್ಕೆ, ಸೊಸೆ ಕೆಲಸಕ್ಕೆ ಹೋದ ಮೇಲೆ. "ಕಾಗದ ಬರೆದ್ರಾ?" ಇನ್ನೂ ಇಲ್ಲ ಅಜ್ಜಿ. "ಆಗ್ಲಿ, ದೊಡ್ಡ ಮನೆ ಕೆಲಸ, ನಿಧಾನ ಆಗ್ತದೆ." ನನ್ನ ಪರವಾಗಿ ಅವರೇ ಸಬೂಬು ಹೇಳಿಕೊಳ್ಳುತ್ತಾರೆ. ಬೈದರೆ ವಾಸಿ.

ಅಕ್ಟೋಬರ್ 28, ಶನಿವಾರ

ಒಂದು ದಾರಿ ಹೊಳೆದಿದೆ!

ಗೋಡೆಗೆ ಕಾಗದ ಅಂಟಿಸಲು ದಾಖಲೆ ಬೇಕು. ಮಾತಾಡಲು ಬೇಡ. 18ರಂದು ಅಂಗಳದಲ್ಲಿ ಜನ ಸೇರುತ್ತಾರೆ. ಅಜ್ಜಿಯೇ ನಿಂತು ಹೇಳಲಿ. ಕೇಳಿದ ಮೇಲೆ ಯಾರಿಗೆ ಸಂಶಯ ಉಳಿಯುತ್ತದೆ? ಮೈಕ್ ಸಿಗಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೇ. ಮೇಷ್ಟ್ರಿಗೆ ಕೊಡುವ ಪಟ್ಟಿಯಲ್ಲಿ ಮಾಲಿಯ ಕೆಳಗೆ ಒಂದು ಸಾಲು ಸೇರಿಸಿದೆ: "ಅಡುಗೆಯವರ ಮಗಳು, ಐದು ನಿಮಿಷ." ಮೇಷ್ಟ್ರು ನೋಡಿದರು. "ಹೊಸ ಐಡಿಯಾ. ಚೆನ್ನಾಗಿದೆ," ಎಂದರು. ಒಪ್ಪಿಗೆ.

ಟೈಲರಮ್ಮನಿಗೆ ಅದಕ್ಕೆ ಮೊದಲೇ ನಾನೇ ಹೋಗಿ ಹೇಳುತ್ತೇನೆ. ಖಂಡಿತ.

ನವೆಂಬರ್ 4, ಶನಿವಾರ

ಹೇಳಲಿಲ್ಲ.

ನವೆಂಬರ್ 18, ಶನಿವಾರ, ಸಂಜೆ 7

ಎಂಬತ್ತು ಕುರ್ಚಿ ಹಾಕಿದ್ದೆವು, ಸಾಲದೆ ಜನ ಗೋಡೆಗೆ ಒರಗಿ ನಿಂತರು. ಟೈಲರಮ್ಮ ಮೂರನೇ ಸಾಲಿನಲ್ಲಿ. ಅಜ್ಜಿ ಒಗೆದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಮೂರೂವರೆಗೇ ಬಂದು ಕೂತಿದ್ದರು. ಸೊಸೆಗೆ ರಜೆ ಸಿಗಲಿಲ್ಲವಂತೆ, ಒಬ್ಬರೇ.

ಅಚ್ಚಾದ ಕಾರ್ಯಕ್ರಮದ ಹಾಳೆ ಕೈಗೆ ಸಿಕ್ಕಿದ್ದು ನಾಲ್ಕಕ್ಕೆ. ನನ್ನ ಪಟ್ಟಿಗೆ ಮೇಷ್ಟ್ರು ಮೇಲೆ ದಪ್ಪಕ್ಷರದಲ್ಲಿ ಒಂದು ತಲೆಬರಹ ಕೊಟ್ಟಿದ್ದರು: "ಪಾತ್ರಧಾರಿಗಳು."

ಬಾಯಿ ಬಿಟ್ಟು ಕೂಗಬೇಕಿತ್ತೇನೋ. ಮೇಷ್ಟ್ರನ್ನು ಹುಡುಕಿ ಹೋದೆ. ಅವರು ಗಡ್ಡ ಅಂಟಿಸಿಕೊಳ್ಳುತ್ತಿದ್ದರು, ಮಾತಾಡಿದರೆ ಉದುರುತ್ತದೆ ಎಂದು ಕೈಸನ್ನೆ ಮಾಡಿದರು.

ಜಡ್ಜ್ ಮಾತಾಡಿದರು. ಹೆಂಡತಿ ಮಾತಾಡಿದಳು. ಮಾಲಿಯಾಗಿ ಡ್ರೈವರಣ್ಣ ಸುರಂಗವನ್ನು ಹೇಗೋ ತೂರಿಸಿಬಿಟ್ಟ. ಆಮೇಲೆ ಅಜ್ಜಿ.

ಮೈಕ್ ಹಿಡಿಯಲು ಬರಲಿಲ್ಲ, ನಾನು ಹಿಡಿದೆ. ಐದೇ ಮಾತು. "ಈ ಮನೆಯ ಅಡುಗೆಯವನ ಮಗಳು ನಾನು. ನೀವು ಪುಟ್ಟಿ ಅಂತೀರಲ್ಲ, ಅದು ನಾನೇ. ನಾನು ಸತ್ತಿಲ್ಲ. ಗೆರೆ ಕೊರೆದದ್ದು ನಮ್ಮಪ್ಪ. ಅವನು ಒಳ್ಳೆಯವನು." ಅಲ್ಲಿ ದನಿ ಒಡೆಯಿತು.

ಆಮೇಲೆ ಚಪ್ಪಾಳೆ! ಜನ ಎದ್ದು ನಿಂತು ತಟ್ಟಿದರು. ಮೊದಲ ಸಾಲಿನಲ್ಲಿ ಒಬ್ಬರು, "ಎಷ್ಟು ನ್ಯಾಚುರಲ್!" ಎಂದರು.

ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು. "ದಯವಿಟ್ಟು ಕೇಳಿ, ಇದು ನಾಟಕ ಅಲ್ಲ, ಇವರು ಹೇಳಿದ್ದು ನಿಜ," ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ಅದೂ ನಾಟಕದ ಮಾತು ಎಂದುಕೊಂಡರು. ಮತ್ತೆ ಹೇಳಿದೆ. ಮೇಷ್ಟ್ರು ಬಂದು ನಗುತ್ತಾ ಮೈಕ್ ತೆಗೆದುಕೊಂಡರು, ಮುಂದೆ ಗುಮಾಸ್ತನ ಸರದಿ ಇತ್ತು.

ಅಜ್ಜಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟೆ. ಮುಖ ಅರಳಿತ್ತು.

"ಅಷ್ಟೊಂದು ಚಪ್ಪಾಳೆ ಯಾಕಮ್ಮ? ನಂಬಿದ್ರಾ?"

ಇಲ್ಲ ಎನ್ನಬೇಕಿತ್ತು. ಆ ಮುಖ ನೋಡಿ ಹೇಗೆ ಹೇಳುವುದು?

"ನಂಬಿದ್ರು ಅಜ್ಜಿ."

"ಹಾಗಾದ್ರೆ ಕಾಗದ ಕೊಡ್ತಾರಾ?"

"ಕೊಡ್ತಾರೆ."

ಇನ್ನೊಂದು ಸುಳ್ಳು. ಇದಕ್ಕೂ ಆರು ವರ್ಷ ಬೇಕಾಗುತ್ತದೋ ಏನೋ.

ಡಿಸೆಂಬರ್ 2, ಶನಿವಾರ

ಎರಡು ವಾರ ಬರೆಯಲಿಲ್ಲ. ಸೋಮವಾರದ ಫೋನು ಎತ್ತಲಿಲ್ಲ, ಎರಡೂ ಸಲ. ರಿಂಗಾಗುವಾಗ ಅದರ ಎದುರಿಗೇ ಕೂತಿದ್ದೆ. ನಮ್ಮನೆಯವರು ಎತ್ತಲು ಬಂದರು, ಬೇಡ ಎಂದೆ. ಅವರಿಗೆ ಸಿಟ್ಟು ಬಂತು. ಮೂವತ್ತೇಳು ವರ್ಷದಲ್ಲಿ ಅವರಿಗೆ ಸಿಟ್ಟು ಬಂದದ್ದು ಬೆರಳಲ್ಲಿ ಎಣಿಸಬಹುದು.

ಟೈಲರಮ್ಮ ಬಂದರು. ಕೋಣೆಗೆ ಹೋಗಲಿಲ್ಲ, ನನ್ನ ಮೇಜಿನ ಹತ್ತಿರ ನಿಂತರು.

"ನಾಟಕ ಚೆನ್ನಾಗಿತ್ತು ಅಕ್ಕ. ಅಜ್ಜಿ ಚೆನ್ನಾಗಿ ಮಾಡಿದ್ರು." ಕೋಣೆಯ ಕಡೆ ನೋಡಿ, "ಆದ್ರೆ ನಮ್ಮ ಪುಟ್ಟಿನ ಹಾಗೆ ಬದುಕಿಸಬಾರದಿತ್ತು. ನಾಟಕದಲ್ಲೂ."

ಈಗ ಹೇಳು, ಈಗ ಹೇಳು, ಎಂದಿತು ಒಳಗೆ. "ಟೈಲರಮ್ಮ, ಅದು ನಾಟಕ ಅಲ್ಲ. ಆ ಅಜ್ಜಿ ನಿಜ. ಪುಟ್ಟಿ ಸುಳ್ಳು, ನಾನು ಹೇಳಿದ್ದು," ಎಂದೆ. ಹೇಳಿಯೇಬಿಟ್ಟೆ.

ಮೇಜಿನ ಅಂಚಿನ ಮೇಲಿದ್ದ ಕೈ ಹಿಂದೆ ತೆಗೆದುಕೊಂಡರು. ನಂಬಿದರು. ಇಷ್ಟು ಜನರಲ್ಲಿ ನಂಬಿದವರು ಅವರೊಬ್ಬರೇ.

"ಯಾಕೆ ಹೇಳಿದ್ರಿ ನನಗೆ?" ಎಂದರು. ಹೊರಟು ಹೋದರು. ಯಾವುದರ ಬಗ್ಗೆ ಕೇಳಿದರು ಎಂದು ಇನ್ನೂ ಗೊತ್ತಾಗುತ್ತಿಲ್ಲ. ಆಗ ಹೇಳಿದ್ದೋ, ಈಗ ಹೇಳಿದ್ದೋ.

ಡಿಸೆಂಬರ್ 9, ಶನಿವಾರ

ಮೇಷ್ಟ್ರು ಒಂದು ಉದ್ದ ಲಕೋಟೆ ಕೊಟ್ಟರು. "ಆ ಅಜ್ಜಿಗೆ ನೀವೇ ತಲುಪಿಸಿಬಿಡಿ ಮೇಡಂ. ನಿಮಗೆ ಬೇಕಾದವರು. ಬರೋ ವರ್ಷವೂ ಅವರೇ ಇರ್ಲಿ."

ಬಿಚ್ಚಿ ನೋಡಿದೆ. ದಪ್ಪ ಕಾಗದ, ಸುತ್ತ ಚಿನ್ನದ ಬಣ್ಣದ ಬಳ್ಳಿ, ಮನೆಯ ಮೊಹರು. "ಅಡುಗೆಯವರ ಮಗಳ ಪಾತ್ರದಲ್ಲಿ ಮನಮುಟ್ಟುವ ಅಭಿನಯ ನೀಡಿದ್ದಕ್ಕಾಗಿ..."

ಮೇಷ್ಟ್ರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಪುಟ್ಟಿ ಕೋಣೆಯ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಎಲ್ಲ ಹೇಳಿದೆ, ಅತ್ತೂಬಿಟ್ಟೆ. ಕುರ್ಚಿ ತಂದು ಕೂರಿಸಿದರು. ಸುಸ್ತಾಗಿದ್ದೀರಿ, ಒಂದು ತಿಂಗಳು ರೆಸ್ಟ್ ತಗೊಳ್ಳಿ, ಎಂದರು.

ಡಿಸೆಂಬರ್ 11, ಸೋಮವಾರ, ಬೆಳಗ್ಗೆ 11:20

ಅಜ್ಜಿಯ ಮನೆ. ಡೈರಿ ಚೀಲದಲ್ಲಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಎದ್ದು ಓಡಿಬಿಡುತ್ತೇನೆ.

ಲಕೋಟೆ ಕೊಡುವುದಿಲ್ಲ, ಎಲ್ಲ ಹೇಳಿ ಕಾಲು ಹಿಡಿದುಕೊಳ್ಳುತ್ತೇನೆ ಎಂದು ನಿಶ್ಚಯಿಸಿಕೊಂಡೇ ಬಂದದ್ದು. ಬಾಗಿಲು ತೆಗೆದವರು ನನ್ನ ಮುಖ ನೋಡಲಿಲ್ಲ. ಚೀಲದಿಂದ ಇಣುಕುತ್ತಿದ್ದ ಲಕೋಟೆ ನೋಡಿದರು.

"ಬಂತಾ! ನಂಗೊತ್ತಿತ್ತು. ಫೋನ್ ಎತ್ತದೇ ಇದ್ದಾಗ್ಲೇ ಅಂದ್ಕೊಂಡೆ, ಕೈಗೇ ತಂದ್ಕೊಡ್ತಾರೆ ಅಂತ."

ಅವರೇ ಎಳೆದುಕೊಂಡರು. ಚಿನ್ನದ ಬಳ್ಳಿಯ ಮೇಲೆ ಬೆರಳಾಡಿಸಿದರು. ಮೊಹರನ್ನು ಮುಟ್ಟಿ ನೋಡಿದರು. ಕಾಗದ ತಲೆಕೆಳಗಾಗಿತ್ತು. ಅಲ್ಲಿಯವರೆಗೂ ಗೊತ್ತಿರಲಿಲ್ಲ ನನಗೆ. ಓದು ಬರುವುದಿಲ್ಲ ಅವರಿಗೆ.

ಗೋಡೆಗೆ ಮೊಳೆ ಹೊಡೆಸಿಟ್ಟಿದ್ದಾರೆ. ಹೊಸ ಮೊಳೆ, ಕೆಳಗೆ ನೆಲದ ಮೇಲೆ ಸುಣ್ಣದ ಪುಡಿ ಇನ್ನೂ ಇದೆ.

"ನೀನೇ ಓದಮ್ಮ, ಜೋರಾಗಿ. ತಡಿ, ಪಕ್ಕದ ಮನೆಯವರನ್ನ ಕರೀತೀನಿ. ನಮ್ಮಪ್ಪನ ಹೆಸರು ಅವರೂ ಕೇಳ್ಲಿ." ಇಷ್ಟು ದಿನದಲ್ಲಿ ಮೊದಲ ಸಲ ಏಕವಚನ. ಮಗಳನ್ನು ಕರೆದ ಹಾಗೆ. ಕಾಗದ ನನ್ನ ತೊಡೆಯ ಮೇಲಿಟ್ಟು ಹೋಗಿದ್ದಾರೆ. ಆಚೆ ಅವರ ದನಿ ಕೇಳುತ್ತಿದೆ, ಬಾಗಿಲು ಬಡಿಯುತ್ತಿದ್ದಾರೆ.

ಕಾಗದದಲ್ಲಿ ಇರುವುದನ್ನೇ ಓದಬೇಕು. ಇಲ್ಲವಾದರೆ ಅವರಿಗೆ ಬೇಕಾದದ್ದನ್ನು ಓದಬೇಕು. ಅದು ನನಗೆ ಚೆನ್ನಾಗಿ ಬರುತ್ತದೆ, ಅದೇ ಕಷ್ಟ. ಆದರೆ ಸೊಸೆಗೆ ಓದು ಬರುತ್ತದೆ. ಸಂಜೆ ಆರಕ್ಕೆ ಮನೆಗೆ ಬರುತ್ತಾಳೆ. ಅಲ್ಲಿಯವರೆಗೆ ಅಜ್ಜಿ ಅದನ್ನು ನೋಡುತ್ತಾ ಕೂರಬಹುದು. ಏಳು ಗಂಟೆ ಹೊತ್ತು.

ಬಂದರು. ನಾಲ್ಕು ಜನ... ಇಲ್ಲ, ಐದು. ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತು ಕೈ ಒರೆಸಿಕೊಳ್ಳುತ್ತಿದ್ದಾರೆ. ಏಳಬೇಕು. "ಅಡುಗೆಯವರ ಮಗಳ..." ಮೊದಲ ಎರಡು ಪದ ಸರಿಯಾಗಿಯೇ ಇವೆ. ಅಷ್ಟನ್ನು ಓದುತ್ತೇನೆ. ಮೂರನೆಯದಕ್ಕೆ ಬಂದಾಗ